ದೇವಿರಮ್ಮ ಬಿತ್ತಿದ ಅರ್ಧ ಸಾಲು

ಬೆಳಕವಾಡಿಯ ನಮ್ಮ ಬೀದಿಯಲ್ಲಿ ಬಾಯಿಗೆ ಬೀಗವಿಲ್ಲದವರು ಯಾರೆಂದು ಕೇಳಿದರೆ ಚಿಕ್ಕ ಮಕ್ಕಳೂ ದೇವಿರಮ್ಮನ ಮನೆ ತೋರಿಸುತ್ತಾರೆ. ನಲ್ಲಿಯಲ್ಲಿ ಒಂದು ಬಿಂದಿಗೆ ತುಂಬುವಷ್ಟರಲ್ಲಿ ಬೀದಿಯ ಸುದ್ದಿಯನ್ನೆಲ್ಲ ಮುಗಿಸುವ ಹೆಂಗಸು. ಅಂಥವಳೂ ಬಿತ್ತನೆಯ ಹೊತ್ತಿಗೆ ಮೂಗಿಯಾಗುತ್ತಾಳೆ.

ಅವಳ ಕೈಗುಣ ಒಳ್ಳೆಯದು. ಮುಸುಕಿನ ಜೋಳ ಹಾಕುವವರೆಲ್ಲ ಮೊದಲ ಸಾಲಿಗೆ ಅವಳನ್ನೇ ಕರೆಯುತ್ತಾರೆ. ಹೊಲದ ಮೂಲೆಯಲ್ಲಿ ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ, ಕಾಯಿ ಒಡೆದು, ಮಡಿಲಿಗೆ ಕಾಳು ತುಂಬಿಸಿಕೊಂಡ ಮೇಲೆ ಸಾಲು ಮುಗಿಯುವ ತನಕ ಯಾರೂ ತುಟಿ ಪಿಟಕ್ಕೆನ್ನಬಾರದು. ಮಾತಾಡಿದರೆ ಗಿಣಿಗಳಿಗೆ ಸುದ್ದಿ ಮುಟ್ಟುತ್ತದೆ, ತೆನೆ ಹಾಲುಗಟ್ಟುವಾಗ ಹಿಂಡುಗಟ್ಟಿ ಬರುತ್ತವೆ ಎಂದು ಅವಳ ಅತ್ತೆ ಕಲಿಸಿದ ಕಟ್ಟಳೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ನನ್ನ ಹೊಲಕ್ಕೆ ಅವಳೇ ಬೇಕು.

ಇಷ್ಟು ವರ್ಷ ಊರವರ ಹೊಲ ಬಿತ್ತಿದವಳಿಗೆ ಈ ಸಲ ತನ್ನದೇ ಅರ್ಧ ಎಕರೆ ಆಗಿತ್ತು. ಹದವಾದ ಮಳೆಯೂ ಬಿತ್ತು. ಆದರೆ ಬಿತ್ತುವ ದಿನ ಬೆಳಗ್ಗೆಯೇ ಮದ್ದೂರಿನಿಂದ ಅಳಿಯನ ಫೋನು ಬಂತು, ಮಗಳು ಸೌಮ್ಯಳಿಗೆ ನೋವು ಶುರುವಾಗಿದೆ ಎಂದು. ಹೋದ ಸಲದ ಬಸಿರು ಉಳಿದಿರಲಿಲ್ಲ. ಅದಕ್ಕೇ ಡಾಕ್ಟರು ತವರಿಗೂ ಕಳಿಸಿರಲಿಲ್ಲ. ದೇವಿರಮ್ಮನ ಜೀವ ಮದ್ದೂರಿನಲ್ಲಿತ್ತು, ಕಾಲು ಹೊಲದಲ್ಲಿತ್ತು. ಹದ ತಪ್ಪಿದರೆ ಬಿತ್ತನೆ ತಪ್ಪಿತು. ಮೊದಲ ಸಾಲು ಮುಗಿಸಿ ಬಸ್ಸು ಹತ್ತುವುದೆಂದು ನಿಶ್ಚಯಿಸಿದಳು.

ನಾನು ನೇಗಿಲು ಹಿಡಿದಿದ್ದೆ. ಗಂಡ ಮಹದೇವಯ್ಯ ಬದುವಿನ ಮೇಲಿದ್ದ. ಸಾಲು ಅರ್ಧ ಆಗಿತ್ತು, ಅವನ ಫೋನು ಹೊಡೆದುಕೊಂಡಿತು. “ಹೂಂ” ಅಂದ. ಮತ್ತೊಂದು “ಹೂಂ” ಅಂದ. ಫೋನು ಜೇಬಿಗಿಳಿಸಿ ಕಂಬದ ಹಾಗೆ ನಿಂತ. ಹೂಂಗುಟ್ಟುವುದು ಮಾತಲ್ಲ ಎಂದು ಅವನ ಲೆಕ್ಕ, ಅದಕ್ಕಿಂತ ಹೆಚ್ಚು ಆಡಿದರೆ ಕಟ್ಟಳೆ ಮುರಿಯುತ್ತದೆ. ದೇವಿರಮ್ಮ ಕಣ್ಣಲ್ಲೇ ಕೇಳಿದಳು. ಪುಣ್ಯಾತ್ಮ ಸಾಲಿನ ತುದಿಯತ್ತ ಕೈ ತೋರಿಸಿದ, ಮೊದಲು ಅದನ್ನು ಮುಗಿಸು ಎಂಬಂತೆ. ಅವಳ ಕೈಯಿಂದ ಒಂದೊಂದೇ ಬೀಳಬೇಕಾದ ಕಾಳು ಹಿಡಿಹಿಡಿಯಾಗಿ ಬಿತ್ತು. ನನಗೂ ಭಯವಾಯಿತು. ಅವಳು ನಿಂತೇಬಿಟ್ಟಳು.

“ಬಾಯಲ್ಲೇನ್ ಕಡುಬು ಇಟ್ಕಂಡಿದ್ದೀಯಾ? ನನ್ ಮಗ್ಳು ಎಂಗವ್ಳೆ ಏಳು.”

“ಎಣ್ ಮಗ ಕಣಮ್ಮಿ. ಇಬ್ರೂ ಚೆನ್ನಾಗವ್ರೆ,” ಎಂದ ಮಹದೇವಯ್ಯ.

ದೇವಿರಮ್ಮ ಉತ್ತ ಮಣ್ಣಿನಲ್ಲೇ ಕುಕ್ಕರಿಸಿ ಅತ್ತಳು, ನಕ್ಕಳು. ಒಮ್ಮೆ ತೆರೆದ ಬಾಯಿ ಬಸ್ಸು ಬರುವ ತನಕ ಮುಚ್ಚಲಿಲ್ಲ. ಸಾಲನ್ನು ಮತ್ತೆ ಮೊದಲಿನಿಂದ ಬಿತ್ತಬೇಕಲ್ಲ ಎಂದು ಮಹದೇವಯ್ಯ ಪೇಚಾಡಿದ್ದು ಅವಳಿಗೆ ಕೇಳಿಸಲೇ ಇಲ್ಲ. ಮಿಕ್ಕದ್ದನ್ನು ನಾವೇ ಬಿತ್ತಿದೆವು.

ಪೈರು ಸೊಗಸಾಗಿ ಎದ್ದಿತು. ತೆನೆ ಹಾಲುಗಟ್ಟಿದಾಗ ಗಿಣಿಗಳೂ ಬಂದವು, ಪ್ರತಿ ವರ್ಷವೂ ಎಲ್ಲರ ಹೊಲಕ್ಕೆ ಬರುವ ಹಾಗೆಯೇ. ಮಹದೇವಯ್ಯ ತಗಡು ಬಡಿಯಲು ಎದ್ದ. ಬದುವಿನ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಕೂತಿದ್ದ ದೇವಿರಮ್ಮ ಅವನ ಪಂಚೆ ಹಿಡಿದು ಕೂರಿಸಿದಳು.

“ಆ ಸಾಲ್ ಬುಟ್ಬುಡು. ಮಗ ಉಟ್ಟದೆ ಅಂತ ಕೂಗಿ ಏಳ್ದೋಳು ನಾನು. ಬಂದೋರ್ಗೆ ಊಟ ಇಕ್ದೆ ಕಳ್ಸಕಾದದಾ?”