ಹದಿನೆಂಟು ಮೆಟ್ಟಿಲು

ಟಕ್, ಟಕ್. ಬೆಳಕು ಹರಿಯುವ ಹೊತ್ತಿಗೆ ಗುರುಪಾದನ ತಲೆಯ ಮೇಲಿನ ಹಲಗೆಯಲ್ಲಿ ದಿನವೂ ಈ ಸದ್ದು. ಮಹಡಿಯಲ್ಲಿ ಅವನ ತಾಯಿ ನೀಲಗಂಗವ್ವ ಕೋಲಿನಿಂದ ನೆಲ ಬಡಿಯುತ್ತಿದ್ದಳು. ನಾನು ಎದ್ದೆ, ನೀನು ಎದ್ದೆಯಾ ಎಂದು ಅದರ ಅರ್ಥ. "ಎದ್ದೇನವ್ವಾ" ಎಂದು ಅವನು ಕೆಳಗಿನಿಂದ ಕೂಗುತ್ತಿದ್ದ. ದೀಪಾವಳಿಯಿಂದ ಈಚೆಗೆ ತಾಯಿ ಮಗನ ಭೇಟಿ ಎಂದರೆ ಇಷ್ಟೇ. ಅವಳ ಮೊಣಕಾಲು ಅವಳನ್ನು ಇಳಿಯಗೊಡುತ್ತಿರಲಿಲ್ಲ, ಅವನ ಎದೆ ಅವನನ್ನು ಹತ್ತಗೊಡುತ್ತಿರಲಿಲ್ಲ. ನಡುವೆ ಹದಿನೆಂಟು ಮೆಟ್ಟಿಲು. ಏಳನೆಯದಕ್ಕೆ ಉಸಿರು ಕಟ್ಟಿ ಅವನು ಕುಳಿತುಬಿಡುತ್ತಿದ್ದ.

ಸಾಂಗಲಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ಸಲಗರೆ ಎಂಬ ಹಳ್ಳಿಯಲ್ಲಿ ಹುಟ್ಟಿದ ಗುರುಪಾದ ಚಿಕ್ಕವನಿದ್ದಾಗ ಅಪ್ಪನ ಅರಿಸಿನದ ಗಾಡಿಯ ಪಕ್ಕ ಮಿರಜದ ತನಕ ನಡೆದೇ ಬರುತ್ತಿದ್ದ. ಸಾಂಗಲಿ ಪೇಟೆಯಲ್ಲಿ ಅಂಗಡಿ ಬೆಳೆದ ಮೇಲೆ ಕಾಲಿಗೆ ಕೆಲಸ ತಪ್ಪಿತು. ಮನೆಯಿಂದ ಅಂಗಡಿಗೆ ಟಾಂಗಾ, ಅಂಗಡಿಯಲ್ಲಿ ಗಾದಿ. ನಲವತ್ತಾರನೆಯ ವಯಸ್ಸಿಗೆ ಧೋತರದ ಗಂಟು ಕಟ್ಟಿಕೊಳ್ಳುವುದರಲ್ಲೇ ಏದುಸಿರು.

ಇದರ ಆಳ ಮೊದಲು ತಿಳಿದದ್ದು ಹೆಂಡತಿಗಲ್ಲ, ದಲಾಲ ಜ್ಯೋತೆಪ್ಪನಿಗೆ. ಅರಿಸಿನದ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ವಸ್ತ್ರದ ಕೆಳಗೆ ಕೈಯಲ್ಲಿ ಕೈಯಿಟ್ಟು, ಬೆರಳು ಒತ್ತಿ ತಿಳಿಸುತ್ತಾರೆ. ಇಪ್ಪತ್ತು ವರ್ಷ ಗುರುಪಾದನ ಕೈ ಹೀಗೆ ಹಿಡಿದಿದ್ದ ಜ್ಯೋತೆಪ್ಪ, ಸಂಕ್ರಾಂತಿ ಕಳೆದ ವಾರ, ವಸ್ತ್ರದೊಳಗೆ ಕೈ ಹಾಕಿದವನು ಹಾಗೇ ನಿಂತ.

"ಸಾವಕಾರ್ರ, ದರ ಆಮ್ಯಾಲ. ನಿಮ್ಮ ನಾಡಿ ಯಾಕ ಹಿಂಗ ಓಡಾಕತ್ತೈತಿ? ಕೈ ನೋಡಿದ್ರ ಬಾವಿ ನೀರಿನಂಗ ತಣ್ಣಗ!"

"ಸುಮ್ಮ ದರ ಹೇಳೋ."

"ಹೇಳೂದಿಲ್ರಿ. ನೀವು ಹ್ವಾದ್ರ ನಾ ಯಾರ ಬೆರಳ ಹಿಡೀಲಿ?"

ಮರುದಿನ ಜ್ಯೋತೆಪ್ಪನೇ ಅವನನ್ನು ಎಳೆದುಕೊಂಡು ಮಿರಜದ ಡಾಕ್ಟರರ ಬಳಿ ಹೋದ. ಅವರು ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿ ಮರಾಠಿಯಲ್ಲಿ ಹೇಳಿದರು. ರೋಗವೇನಿಲ್ಲ. ಹೃದಯವೂ ತೋಳಿನಂತೆ ಸ್ನಾಯುವೇ, ದುಡಿಸದಿದ್ದರೆ ಸೋಲುತ್ತದೆ. ಮಾತಾಡುತ್ತ ನಡೆಯಬಹುದಾದಷ್ಟೇ ವೇಗದಲ್ಲಿ ದಿನವೂ ನಡೆಯಿರಿ, ವಾರಕ್ಕಿಷ್ಟು ದೂರ ಹೆಚ್ಚಿಸಿರಿ. ಬಲಿತ ಹೃದಯ ಕಡಿಮೆ ಬಡಿದು ಹೆಚ್ಚು ರಕ್ತ ದೂಡುತ್ತದೆ, ಉಸಿರೂ ಆಳಕ್ಕಿಳಿಯುತ್ತದೆ.

ಹೆಂಡತಿ ಸರುಬಾಯಿಗೆ ಬೇರೆಯದೇ ಚಿಂತೆ. "ಕಾಲ್ನಡಿಗಿಲೆ ಹೊಂಟ್ರ ಟಾಂಗಾ ಮಾರ್‍ಯಾರ ಅಂದಾರು ಮಂದಿ. ಹಿಂದಿಂದ ಬರಲಿ ಅದು."

ಹೀಗಾಗಿ ಮುಂದೆ ಸಾವಕಾರ, ಹಿಂದೆ ಖಾಲಿ ಟಾಂಗಾ. ಎರಡನೆಯ ತಿರುವಿಗೆ ಅವನು ಅದನ್ನು ಏರಿ ಕೂತುಬಿಡುತ್ತಿದ್ದ. ಹದಿನೈದು ದಿನ ಕಳೆದರೂ ಏಳನೆಯ ಮೆಟ್ಟಿಲು ದಾಟಲಿಲ್ಲ. ವಸ್ತ್ರದ ಕೆಳಗೆ ಜ್ಯೋತೆಪ್ಪನಿಗೆ ಗೊತ್ತಾಯಿತು.

"ದಿನಾ ನಡಿಯವರು ನೀವೋ, ಕುದರಿಯೋ? ಅದರ ನಾಡಿ ಚಲೋ ಆಗಿರಬೇಕ ನೋಡ್ರಿ."

ಮರುದಿನ ಅವನು ಬಾಗಿಲಿಗೇ ಬಂದು, ಟಾಂಗಾ ತಿರುಗಿಸಿ ಕಳಿಸಿ, ತಾನು ಜೊತೆಗೆ ಹೆಜ್ಜೆ ಹಾಕಿದ. ಪೇಟೆ ತಿಂಗಳೊಪ್ಪತ್ತು ಆಡಿಕೊಂಡು ಸುಮ್ಮನಾಯಿತು. ಮೊದಲು ಬೇವಿನ ಮರದ ತನಕ, ಆಮೇಲೆ ಕೃಷ್ಣೆಯ ಘಾಟಿನ ತನಕ. ಯುಗಾದಿಯ ಹೊತ್ತಿಗೆ ಗುರುಪಾದ ಘಾಟಿನ ಕಲ್ಲು ಪಾವಟಿಗೆಗಳನ್ನು ಇಳಿದು ಹತ್ತತೊಡಗಿದ. ನದಿಯ ಗಾಳಿ ಎದೆಯ ತಳ ಮುಟ್ಟಿ ಬರುವುದು ಅವನಿಗೆ ತಿಳಿಯುತ್ತಿತ್ತು. ಅಂಗಡಿಯಲ್ಲಿ ವಸ್ತ್ರದೊಳಗೆ ಮೊದಲು ನಾಡಿ, ಆಮೇಲೆ ದರ.

ಒಂದು ಬೆಳಿಗ್ಗೆ ಕೋಲು ಬಡಿಯಿತು. ಕೆಳಗಿನಿಂದ ಉತ್ತರವಿಲ್ಲ. ಗಾಬರಿಯಿಂದ ಮತ್ತೆ ಬಡಿಯಿತು. ಗುರುಪಾದ ಏಳನೆಯ ಮೆಟ್ಟಿಲಲ್ಲಿದ್ದ. ಹನ್ನೆರಡರಲ್ಲಿ ನಿಂತ. ಉಸಿರು ಬಂತು, ಹೋಯಿತು, ತಿರುಗಿ ಬಂತು. ಹದಿನೆಂಟು.

"ಯಾರದು?"

"ನಾನವ್ವಾ."

ನೀಲಗಂಗವ್ವ ಕೋಲು ಬಿಟ್ಟು ಅವನ ಎದೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಸಾವಕಾಶ ಬಡೀತೈತಲ್ಲೋ. ಯಾರ ಪುಣ್ಯಾ ಇದು?"

"ಜ್ಯೋತೆಪ್ಪಂದವ್ವಾ. ಅಂವಾ ಕೈ ಹಿಡದಿದ್ದಕ್ಕ ಉಳದೇನಿ."

ಅವಳು ಸೆರಗಿನ ಗಂಟು ಬಿಚ್ಚಿ, ತನಗೆಂದು ಇಟ್ಟುಕೊಂಡಿದ್ದ ಕಲ್ಲುಸಕ್ಕರೆಯನ್ನೆಲ್ಲ ಅವನ ಕೈಗೆ ಸುರಿದಳು. "ಅವಗ ಕೊಡು. ನಿನಗಲ್ಲ."

ಬೀದಿಯಿಂದ ಕೂಗು ಬಂತು. "ಸಾವಕಾರ್ರ, ಬಿಸಲ ಏರಾಕತ್ತೈತ್ರಿ!"

"ಈಗ ಬಂದೀದಿ, ಕುಂದರೋ" ಎಂದಳು ತಾಯಿ.

ಅವನು ಆಗಲೇ ಮೆಟ್ಟಿಲಿಗೆ ಕಾಲಿಟ್ಟಿದ್ದ. "ನಾಳೆ ಬರ್ತೇನವ್ವಾ, ನಾಡದೂ ಬರ್ತೇನಿ. ಇನ್ನ ದಿನಾ ನೀ ಕೋಲ ಬಡಿಯೂಕಿಂತ ಮೊದಲ ನಾನ ಹತ್ತಿ ಬಂದಿರ್ತೇನಿ."