ಅಕ್ಕನ ತಟ್ಟೆಗೆ ಇಡದ ಖರ್ಜೂರ

ಆ ಸಂಜೆ ಇಫ್ತಾರ್‌ಗೆ ಕೂತಾಗ ಎಲ್ಲರ ತಟ್ಟೆಗೂ ಖರ್ಜೂರ ಇಟ್ಟೆ, ಅಕ್ಕನ ತಟ್ಟೆಗೆ ಮಾತ್ರ ಇಡಲಿಲ್ಲ. ಅದಕ್ಕೆ ಮೊದಲು ಅವಳನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಅರವತ್ತರ ದಶಕದಲ್ಲಿ ಜಯನಗರದ ಬ್ಲಾಕುಗಳಲ್ಲಿ ಮನೆಗಳು ಏಳುತ್ತಿದ್ದವು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದೆ. ಅಕ್ಕ, ಮನೆಯಲ್ಲಿ ನಾವು ಕರೆಯುತ್ತಿದ್ದಂತೆ ಆಪಾ, ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಬೀದಿಯ ಮುಸ್ಲಿಂ ಮನೆಗಳಿಂದ ಕೆಲಸಕ್ಕೆ ಹೊರಟ ಮೊದಲ ಹುಡುಗಿ ಅವಳೇ. ನನಗೋ ದಿನವಿಡೀ ಇಟ್ಟಿಗೆ ಹೊತ್ತರೂ ರಂಜಾನಿನ ಉಪವಾಸ, ನಮ್ಮ ರೋಜಾ, ಬಿಡುವುದಿಲ್ಲವೆಂಬ ಜಂಬ. "ಏನ್ ಸಾಬ್ರೇ, ಉಗುಳಾದ್ರೂ ನುಂಗ್ತೀರೋ ಇಲ್ವೋ?" ಎಂದು ಮೇಸ್ತ್ರಿ ಕಾಡಿಸಿದಷ್ಟೂ ಅದು ಏರುತ್ತಿತ್ತು.

ಅವತ್ತು ಮಧ್ಯಾಹ್ನ ಸುಣ್ಣ ತರಲು ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಅಕ್ಕ ಕಾಣಿಸಿದಳು. ವರಾಂಡದ ಬೆಂಚಿನ ಮೇಲೆ ಕೂತು ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು.

ಸಂಜೆ ಅವಳ ಖಾಲಿ ತಟ್ಟೆ ನೋಡಿ, "ಆಪಾಗೆಲ್ಲೋ ಖರ್ಜೂರ?" ಅಂದರು ಅಮ್ಮಿ.

"ಅವಳದು ಮಧ್ಯಾಹ್ನವೇ ಆಯ್ತು. ಕಾಫಿ ಕುಡೀತಿದ್ಳು, ನಾನೇ ನೋಡ್ದೆ."

ಇಫ್ತಾರ್‌ಗೆಂದು ಬಂದಿದ್ದ ಚಿಕ್ಕಪ್ಪ ತಲೆ ತಗ್ಗಿಸಿದರು. ಅಕ್ಕ ನನ್ನನ್ನು ನೋಡಿ, "ಹೌದು, ಕುಡಿದೆ. ಹಬ್ಬ ಆದ್ಮೇಲೆ ಈ ರೋಜಾ ಹಿಡೀತೀನಿ" ಎಂದಳು. ಆಮೇಲೆ ಎದ್ದು ನಮಗೆಲ್ಲ ಗಂಜಿ ಬಡಿಸಿದಳು.

ಹಬ್ಬ ಕಳೆದ ವಾರ ಬಿಳೇಕಹಳ್ಳಿಯ ರೈತರೊಬ್ಬರು ಒಂದು ಕುಕ್ಕೆ ಅವರೆಕಾಯಿ ಹೊತ್ತು ಮನೆ ಹುಡುಕಿಕೊಂಡು ಬಂದರು. "ನಿಮ್ಮಕ್ಕ ರಕ್ತ ಕೊಡ್ದೆ ಇದ್ದಿದ್ರೆ ನನ್ ಹೆಂಡ್ರು ಮಗು ಇಬ್ರೂ ಇರ್ತಿರ್ಲಿಲ್ಲ ಕಣಪ್ಪ. ಏನಾದ್ರೂ ಕುಡಿದ್ರೇನೇ ರಕ್ತ ತಗೊಳ್ಳೋದು ಅಂತ ಡಾಕ್ಟ್ರು ಹಟ ಹಿಡಿದ್ರು. ಪಾಪ, ಉಪವಾಸ ಮುರಿದು ಕಾಫಿ ಕುಡುದ್ರು" ಎಂದರು. ಆಮೇಲೆ ನಕ್ಕು, "ಈಗ ನಮ್ಮನೆಯೋಳು ಮೊದಲಿಗಿಂತ ಜೋರು. ನಿಮ್ಮಕ್ಕನ ರಕ್ತನೇ ಇರ್ಬೇಕು" ಎಂದರು.

ಅವರು ಹೋದ ಮೇಲೆ ಅಮ್ಮಿ ಕೇಳಿದರು: "ಅವತ್ತೇ ಹೇಳಬಾರದಿತ್ತಾ?"

"ಕೊಟ್ಟಿದ್ದನ್ನ ಹೇಳ್ಕೊಂಡು ತಿರುಗಬಾರದು ಅಂತ ನೀವೇ ಅಲ್ವಾ ಕಲಿಸಿದ್ದು?" ಎಂದು ಅಕ್ಕ ಅವರೆಕಾಯಿ ಸುಲಿಯತೊಡಗಿದಳು.

ಚಿಕ್ಕವರಿದ್ದಾಗ ಮಸೀದಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ನಾವಿಬ್ಬರೂ ಧರ್ಮದ ಪಾಠ ಕಲಿತಿದ್ದೆವು. ನಾನು ಕಲಿತದ್ದು ಹೊಟ್ಟೆಯನ್ನು ಕಟ್ಟಿಹಾಕುವುದಷ್ಟೇ, ನಾಲಿಗೆಯನ್ನಲ್ಲ. ಒಂದು ಜೀವಕ್ಕಾಗಿ ಬಿಟ್ಟ ರೋಜಾವನ್ನು ಇನ್ನೊಂದು ದಿನ ಹಿಡಿಯಬಹುದು ಎಂಬ ಪಾಠವನ್ನು ಅಕ್ಕ ವಾರ್ಡಿನವರೆಗೂ ಒಯ್ದಿದ್ದಳು. ಮಾರನೆಯ ದಿನ ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ನಿಂತು ಮೇಸ್ತ್ರಿಗೆ, ಗಾರೆ ಕಲಸುವವರಿಗೆ, ನೀರು ಹೊರುವವರಿಗೆ ಅವಳ ಕತೆ ಹೇಳಿದೆ. "ಅಕ್ಕ ಅಂದ್ರೆ ಅಕ್ಕ ಬಿಡಿ ಸಾಬ್ರೇ" ಅಂದರು ಮೇಸ್ತ್ರಿ. ಎದೆ ಉಬ್ಬಿತು. ಅಕ್ಕನ ಹತ್ತಿರ ಮಾತ್ರ ಇನ್ನೂ ತಪ್ಪೊಪ್ಪಿಕೊಂಡಿರಲಿಲ್ಲ.

ಗುರುವಾರ ಅವಳು ಬಿಟ್ಟ ರೋಜಾ ಹಿಡಿದಳು, ಮನೆಯಲ್ಲಿ ಅಂದು ಉಪವಾಸವಿದ್ದದ್ದು ಅವಳೊಬ್ಬಳೇ. ಸಂಜೆ ನಾನು ಚಿಕ್ಕಪ್ಪನನ್ನೂ ಕರೆದು ತಂದು ಅಂದಿನಂತೆಯೇ ಎಲ್ಲರನ್ನೂ ಕೂರಿಸಿದೆ. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದೆ ತೆಗೆದುಕೊಳ್ಳಬೇಕಿತ್ತು. ಮಸೀದಿಯಿಂದ ಬಾಂಗ್ ಕೇಳಿಸಿತು. ಮೊದಲ ಖರ್ಜೂರವನ್ನು ಅಕ್ಕನ ತಟ್ಟೆಗಿಟ್ಟೆ.

"ಆಪಾ, ಕೇಳದೇ ನಿನ್ ಮಾನ ತೆಗೆದೆ. ತಪ್ಪಾಯ್ತು, ಮಾಫ್ ಮಾಡು" ಎಂದೆ.