ಅಲರ್ಜಿ: ಕಡಲೆಕಾಯಿ, ಶಾರದಾ

ಯುಗಾದಿ ಊಟಕ್ಕೆ ಕೂತ ಶಾರದಾ ಆಂಟಿ, ಗಂಡನ ಎಲೆಯ ಮುಂದಿದ್ದ ಚೀಟಿಯನ್ನು ಎತ್ತಿಕೊಂಡು ಓದಿದರು: "ಹೆಸರು, ನರಸಿಂಹ. ಅಲರ್ಜಿ, ಕಡಲೆಕಾಯಿ, ಶಾರದಾ." ಒಬ್ಬಟ್ಟು ಮುರಿಯುತ್ತಿದ್ದ ಅಂಕಲ್ ಕಡೆ ತಿರುಗಿದರು.

"ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಈಗ ಹೇಳ್ತಿದೀರಾ?"

ಅಂಕಲ್ ನನ್ನನ್ನು ನೋಡಿದರು. ಅಡಿಲೇಡಿನ ನಮ್ಮ ಕನ್ನಡ ಬಳಗದ ತುಂಬ ಸಾಫ್ಟ್‌ವೇರಿನವರು. ಅತಿಥಿಗಳ ವಿವರವನ್ನು ಪೆನ್ನಿನಲ್ಲಿ ಬರೆದುಕೊಂಡರೆ ನಮಗೆ ಅವಮಾನ. ಹಾಗಾಗಿ ನಾನು ಯಾಮಲ್ ಎಂಬ ಬಗೆಯ ಫೈಲ್ ಮಾಡಿ, ಅದರಿಂದಲೇ ಚೀಟಿಗಳನ್ನು ಪ್ರಿಂಟ್ ಮಾಡಿದ್ದೆ. ಅದರಲ್ಲಿ ಯಾವುದು ಯಾವುದಕ್ಕೆ ಸೇರಿದ್ದೆಂದು ತೀರ್ಮಾನವಾಗುವುದು ಸಾಲಿನ ಮೊದಲು ಬಿಟ್ಟ ಖಾಲಿ ಜಾಗದಿಂದ. ಗಂಡನ ಹೆಸರಿಗೆ ಸಮನಾಗಿ ನಿಲ್ಲಬೇಕಿದ್ದ ಆಂಟಿಯ ಹೆಸರು ಎರಡು ಸ್ಪೇಸ್ ಒಳಸರಿದು, ಅಂಕಲ್‌ನ ಅಲರ್ಜಿಗಳ ಜೊತೆ ಸೇರಿಬಿಟ್ಟಿತ್ತು.

ಇದನ್ನೆಲ್ಲ ವಿವರಿಸಿ, "ಮನುಷ್ಯರು ಓದೋಕೆ ಸುಲಭ ಆಗ್ಲಿ ಅಂತಾನೇ ಹೀಗೆ ಮಾಡಿರೋದು ಆಂಟಿ" ಅಂದೆ.

"ಅದೇನೋ ನಿಜ ಕಣಪ್ಪ, ಒಂದೇ ಸಲಕ್ಕೆ ಅರ್ಥ ಆಯ್ತು" ಅಂದರು.

ಮೊನ್ನೆ ಗ್ಲೆನೆಲ್ಗ್ ಬೀಚಿನಲ್ಲಿ ಇಬ್ಬರೂ ಎದುರಾದರು. ತಣ್ಣನೆ ಗಾಳಿಗೆ ಅಂಕಲ್ ಸೀನಿದರು. ಆಂಟಿ ನನ್ನನ್ನೇ ನೋಡುತ್ತಾ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.